ಬಾವಿಕಟ್ಟೆಯ ಬೋರಲು ಬಾನಿ

ನಮ್ಮ ಬಾವಿಕಟ್ಟೆಯ ಮೇಲೆ ಮಣ್ಣಿನ ಬಾನಿಯೊಂದು ಬೋರಲು ಬಿದ್ದಿದೆ. ಅದು ಕಣ್ಣಿಗೆ ಬಿದ್ದಾಗಲೆಲ್ಲ ನನಗೆ ಕೂತಲ್ಲಿ ಕೂರಲಾಗುವುದಿಲ್ಲ. ನೆಟ್ಟಗಿಡೋಣವೆಂದು ಎದ್ದು, ಅರ್ಧ ದಾರಿ ಹೋಗಿ, ಹಿಂತಿರುಗುತ್ತೇನೆ. ಒಂದು ಬಾನಿಗೆ ಇಷ್ಟೊಂದು ಸಂಕಟವೇ ಎಂದು ನೀವು ನಗಬಹುದು. ನಗಿ, ಆದರೆ ಕೇಳಿಸಿಕೊಂಡು ನಗಿ.

ಮಾಂಬಳ್ಳಿಯ ನಮ್ಮ ಬೀದಿಯಲ್ಲಿ ತುಡುವೆ ಜೇನು ಸಾಕುವವರು ನಾಲ್ಕೇ ಮನೆಯವರು. ಹೂವಿಲ್ಲದ ತಿಂಗಳುಗಳಲ್ಲಿ ಹುಳುಗಳು ಹಸಿಯಬಾರದೆಂದು ಈ ಬಾನಿಗೆ ಆಗಾಗ ಯಾರಾದರೊಬ್ಬರು ಸಕ್ಕರೆ ನೀರು ಹೊಯ್ದು, ಅವು ಮುಳುಗದಿರಲೆಂದು ಹುಲ್ಲುಕಡ್ಡಿ ತೇಲಿಬಿಡುವುದು ನಮ್ಮ ರೂಢಿ. ಯಾರ ಹುಳು ಎಷ್ಟು ಕುಡಿಯಿತೆಂದು ಕೇಳಿದವರಿಲ್ಲ. ಈ ಔದಾರ್ಯದ ಬಗ್ಗೆ ನನಗೆ ಸ್ವಲ್ಪ ಜಂಬವೂ ಇತ್ತು.

ಈ ವರ್ಷ ಕೆರೆಯ ಹಿಂದಿನ ಹೊಲದಲ್ಲಿ ಬೀಜದ ಸೌತೆ ಬೆಳೆಸುವ ಕಂಪನಿಯವರು ಪರಾಗಸ್ಪರ್ಶಕ್ಕೆಂದು ಲಾರಿ ತುಂಬ ಜೇನುಪೆಟ್ಟಿಗೆ ತಂದು ಇಳಿಸಿದರು. ನಮ್ಮ ತುಡುವೆಗಿಂತ ದಪ್ಪನೆಯ, ಹೊರದೇಶದ ತಳಿಯ ಸೀಮೆಹುಳುಗಳು. ಸೌತೆಹೂವಿನ ರಸ ಅವಕ್ಕೆ ಯಾವ ಮೂಲೆಗೆ? ಎರಡೇ ದಿನದಲ್ಲಿ ಬಾನಿಯ ದಾರಿ ಕಂಡುಕೊಂಡವು. ಬಾನಿ ಬರಿದಾದ ಮೇಲೆ, ಬಾವಿಗೆ ಹತ್ತಿರವಿದ್ದ ಸಿದ್ದಮ್ಮನ ಪೆಟ್ಟಿಗೆಗೆ ನುಗ್ಗಿದವು. ನೆರೆಮನೆಯ ಸಿದ್ದಮ್ಮನಿಗಿದ್ದದ್ದು ಅದೊಂದೇ ಪೆಟ್ಟಿಗೆ. ಹುಣಸೆಮರದ ಪೊಟರೆಗೆ ತಾನೇ ಕೈಹಾಕಿ ತಂದು ಸಾಕಿದ ಸಂಸಾರ. ಮಧ್ಯಾಹ್ನದೊಳಗೆ ಜೇನುತುಪ್ಪವೆಲ್ಲ ಲೂಟಿಯಾಗಿ, ಸತ್ತ ತುಡುವೆಗಳು ರಾಶಿ ಬಿದ್ದಿದ್ದವು. ರಾಣಿಯೂ ಉಳಿಯಲಿಲ್ಲ.

ನಾನು ಉರಿದುಕೊಂಡು ಹೊಲಕ್ಕೆ ಹೋದೆ. ಕಂಪನಿಯ ಪೆಟ್ಟಿಗೆಗಳನ್ನು ನೋಡಿಕೊಳ್ಳುವ ಮಾರ್ಟಳ್ಳಿಯವನು ನನ್ನ ಬೈಗುಳವನ್ನೆಲ್ಲ ತಾಳ್ಮೆಯಿಂದ ಕೇಳಿ ಅಂದ: “ಉಳಕ್ಕೆ ಬೇಲಿ ಗೊತ್ತಾಯ್ತದಾ ಸಾ? ಪೆಟ್ಟಿಗೆ ಒಳಗೆ ಮಡಗ್ಬೇಕಾದ ಸಕ್ಕರೆನ ಬಯಲ್ನಲ್ಲಿ ಮಡಗ್ದೋರು ಯಾರು?”

ಅವನ ಮಾತು ನಿಜವಾಗಿದ್ದರಿಂದಲೇ ನನ್ನ ಕೋಪ ಇನ್ನಷ್ಟು ಹೆಚ್ಚಿತು. ಒಂದು ಲಾರಿ ಹಸಿವನ್ನು ನಮ್ಮೂರಿಗೆ ತಂದು ಬಿಡುವಾಗ ನಮ್ಮನ್ನೊಂದು ಮಾತು ಕೇಳಬಾರದಿತ್ತೇ? ಹಾಗೆಂದರೆ, ಹಸಿದು ಬಂದ ಹುಳುವನ್ನು ನಿನ್ನೂರು ಯಾವುದೆಂದು ನಾನು ಕೇಳಬೇಕಿತ್ತೇ? ಹಂಚಿ ತಿನ್ನುವುದೆಂಬುದು ಪರಿಚಯದವರ ನಡುವಿನ ಮಾತಷ್ಟೇ ಏನು? ಮನೆಗೆ ಬರುವ ದಾರಿಯುದ್ದಕ್ಕೂ ನನ್ನೊಡನೆ ನಾನೇ ಜಗಳವಾಡಿದೆ. ಏಕೆಂದರೆ, ಹೊಸ ಹುಳುಗಳನ್ನು ಕಂಡು, ಪಾಪ ದೂರದಿಂದ ಬಂದಿವೆಯೆಂದು ಹಿಂದಿನ ದಿನ ಇನ್ನೊಂದು ಚೊಂಬು ಸಕ್ಕರೆ ನೀರು ಹೊಯ್ದವನು ನಾನೇ.

ಸಿದ್ದಮ್ಮನಿಗೆ ಅದನ್ನು ಹೇಳಿಬಿಟ್ಟೆ. ಆಕೆ ಖಾಲಿ ಪೆಟ್ಟಿಗೆಯನ್ನು ಗುಡಿಸುತ್ತಿದ್ದವಳು ತಲೆಯೆತ್ತಲಿಲ್ಲ.

“ನಾನೂ ಉಯ್ದಿದ್ದೆ ಕಣಣ್ಣ,” ಎಂದಳು. “ಅಸ್ಕಂಡು ಬಂದವೆ ಅಂತ.”

ಆಮೇಲೆ ಎದ್ದು, ಬಾನಿಯಲ್ಲಿ ಉಳಿದಿದ್ದ ಹುಲ್ಲುಕಡ್ಡಿ ಕೊಡವಿ, ಅದನ್ನು ಬೋರಲು ಹಾಕಿ ಹೋದಳು. ಅಂದಿನಿಂದ ಬೀದಿಯವರೆಲ್ಲ ಅವರವರ ಪೆಟ್ಟಿಗೆಯೊಳಗೇ ಸಕ್ಕರೆ ನೀರಿಟ್ಟು ಮುಚ್ಚಳ ಬಿಗಿಯುತ್ತೇವೆ.

ಇವತ್ತು ಬೆಳಿಗ್ಗೆ ಬಾನಿಯ ಬೆನ್ನ ಮೇಲೆ ಒಂದೇ ಒಂದು ಹುಳು ಏನನ್ನೋ ಹುಡುಕುತ್ತ ಓಡಾಡುತ್ತಿತ್ತು. ಈ ಸಲ ಅರ್ಧಕ್ಕೆ ನಿಲ್ಲದೆ ಹತ್ತಿರ ಹೋಗಿ, ನಮ್ಮದೋ ಅವರದೋ ಎಂದು ಬಗ್ಗಿ ನೋಡಿದೆ. ಇಷ್ಟು ವರ್ಷ ಆ ಬಾನಿಯ ಬಳಿ ನಿಂತಿದ್ದೇನೆ, ಹಾಗೆ ನೋಡಿದ್ದು ಇದೇ ಮೊದಲು.