ಮೇಲಿಂದ ಇಳಿದ ಕಪ್ಪು ಪರದೆ

ಶ್ರೀಮಂಗಲದ ಎಸ್ಟೇಟ್ ಆಫೀಸಿನ ಹಳೇ ಕಂಪ್ಯೂಟರಿಗೆ ವಿಂಡೋಸ್ ಬದಲು ಲಿನಕ್ಸ್ ಹಾಕಿಕೊಡಲು ಹೋಗಿದ್ದೆ. ಅಲ್ಲಿ ಲೆಕ್ಕ ಬರೆಯುವ ರೈಟರ್ ಬೆಳ್ಯಪ್ಪನವರು ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಮೊದಲೇ ಹೇಳಿಬಿಟ್ಟರು: "ಮೌಸ್ ಹಿಡಿದು ಹಿಡಿದು ಸಾಕಾಗಿದೆ ಮಾರಾಯ. ಇದೂ ಹಾಗೇ ಆದರೆ ಕಿತ್ತುಹಾಕು."

ಏನೋ ಸರಿಮಾಡಲು ಎಫ್ ಹನ್ನೆರಡು ಒತ್ತಿದೆ. ಕಮಾಂಡ್ ಟೈಪ್ ಮಾಡುವ ಟರ್ಮಿನಲ್ ಅಂಗಡಿಯ ಶಟರಿನ ಹಾಗೆ ಮೇಲಿಂದ ಸರ್ರನೆ ಇಳಿದು ಅರ್ಧ ಪರದೆ ಕಪ್ಪಾಯಿತು. ಬೆಳ್ಯಪ್ಪನವರು ಕನ್ನಡಕ ಏರಿಸಿಕೊಂಡರು.

"ಇದು ನಮ್ಮ ಡಾಸ್ ಅಲ್ವಾ? ನಾನು ಕೆಲಸಕ್ಕೆ ಸೇರಿದಾಗ ಕಂಪ್ಯೂಟರಲ್ಲಿ ಮೌಸ್ ಇರಲಿಲ್ಲ, ಬರೀ ಇದೇ ಇದ್ದದ್ದು. ಇನ್ನೂ ಬದುಕಿದೆಯಾ?"

ಇದು ಡಾಸ್ ಅಲ್ಲ, ಬೇರೆ ಎಂದು ನಾನು ಹೇಳುವಷ್ಟರಲ್ಲಿ ಕೀಬೋರ್ಡ್ ಅವರ ಕಡೆ ಹೋಗಿತ್ತು. ಒಂದೇ ಬೆರಳಲ್ಲಿ ಡಿ, ಐ, ಆರ್ ಒತ್ತಿದರು. ಅಲ್ಲಿದ್ದ ಫೈಲುಗಳ ಹೆಸರೆಲ್ಲ ಬಂದು ನಿಂತವು. ಸಂತೆಯಲ್ಲಿ ಯಾರೋ ಹಳಬರು ಹೆಸರು ಹಿಡಿದು ಕರೆದ ಹಾಗೆ ಅವರ ಮುಖ ಅರಳಿತು. ಆಮೇಲೆ, ಪರದೆ ಅಳಿಸಲು ಡಾಸ್ ಕಾಲದಲ್ಲಿ ಒತ್ತುತ್ತಿದ್ದ ಸಿ, ಎಲ್, ಎಸ್ ಒತ್ತಿದರು. ಅಂಥದ್ದೊಂದು ಕಮಾಂಡ್ ಗೊತ್ತಿಲ್ಲ ಎಂದಿತು ಕಂಪ್ಯೂಟರ್.

"ಪರವಾಗಿಲ್ಲ, ಅದಕ್ಕೂ ವಯಸ್ಸಾಯ್ತು," ಅಂದರು. "ತೋರಿಸೋದು ನೆನಪಿದೆ, ಅಳಿಸೋದು ಮರೆತಿದೆ. ನನ್ನ ಹಾಗೇ. ಇರಲಿ ಬಿಡು, ಕೀಳಬೇಡ."

ಅದು ಡಾಸ್ ಅಲ್ಲ ಎಂದು ತಿಳಿಸುವುದು ನನಗೆ ಒಪ್ಪಿಸಿದ ಕೆಲಸದಲ್ಲಿ ಸೇರಿರಲಿಲ್ಲ.