ಡಾಂಬರು ಮುಗಿಯುವಲ್ಲಿ ಕೂತವರು

ನಾಸಿಕದ ಹತ್ತಿರದ ದಿಂಡೋರಿಯ ಆಚೆ ಡಾಂಬರು ಮುಗಿದು ಕಾಡಿನ ಕಾಲುದಾರಿ ಶುರುವಾಗುವಲ್ಲಿ ಒಂದು ಚಹಾದಂಗಡಿ. ಭಾನುವಾರ ಅದರ ಬೆಂಚಿನ ಮೇಲೆ ಹುಯಿಲಗೋಳ ಸಾಹೇಬರು ಇರಲೇಬೇಕು. ಗದಗಿನಿಂದ ನಾಸಿಕಕ್ಕೆ ವರ್ಗವಾಗಿ ಬಂದ ಈ ಬ್ಯಾಂಕ್ ಮ್ಯಾನೇಜರರು, ಚಾರಣಕ್ಕೆ ಬಂದವರನ್ನು ಸಾಲ ಕೇಳಲು ಬಂದವರಂತೆ ಅಡಿಯಿಂದ ಮುಡಿಯವರೆಗೆ ನೋಡುತ್ತಾರೆ. ಕಾಲಲ್ಲಿ ಹವಾಯಿ ಚಪ್ಪಲಿ ಕಂಡರೆ ಹುಬ್ಬು ಗಂಟಿಕ್ಕುತ್ತದೆ. ಚೀಲದಲ್ಲಿ ಸ್ಪೀಕರ್ ಕಂಡರಂತೂ ಅರ್ಜಿ ಅಲ್ಲಿಗೇ ತಿರಸ್ಕೃತ. "ಕಾಡಂದ್ರ ಲಾಕರ್ ರೂಮ್ ಇದ್ಧಂಗರಿ, ಗಾಡಿ ತೊಗೊಂಡು ನುಗ್ಗೂ ಜಾಗಾ ಅಲ್ಲ" ಎಂಬುದು ಅವರ ಮಂತ್ರ. ಬೆಟ್ಟದ ಮೇಲಿನ ಹಳೆಯ ಕೋಟೆಯವರೆಗೆ ರಸ್ತೆಯಾಗುತ್ತದೆಂಬ ಸುದ್ದಿ ಹುಟ್ಟಿದಂದಿನಿಂದ ಅವರು ಬಸ್ಸಿನಲ್ಲಿ, ಮದುವೆಯ ಪಂಕ್ತಿಯಲ್ಲಿ, ಕಡೆಗೆ ಕ್ಷೌರದ ಕುರ್ಚಿಯಲ್ಲೂ ವಿರೋಧದ ಸಹಿ ಕೇಳಿದ್ದಾರೆ. ಅರ್ಧ ಗಡ್ಡದ ಮೇಲೆ ಕತ್ತಿ ನಿಲ್ಲಿಸಿ ಕ್ಷೌರಿಕನೂ ಸಹಿ ಹಾಕಿದ್ದಾನೆ. ಆದರೆ ಮೊಣಕಾಲು ಸವೆದ ಮೇಲೆ ಸಾಹೇಬರು ಈ ಬೆಂಚು ದಾಟಿ ಒಮ್ಮೆಯೂ ಮೇಲೇರಿಲ್ಲ. ಅವರ ಶಾಖೆಯಲ್ಲೇ ಕೆಲಸ ಮಾಡುವ ಪ್ರಾಚಿ, ಹಿಂದೆ ಅವರೇ ಹತ್ತಿ ಹೋಗಿ ಕುಡಿಯುತ್ತಿದ್ದ ಕೋಟೆಯ ಕಲ್ಲುಹೊಂಡದಿಂದ ಅವರಿಗಾಗಿ ಒಂದು ಬಾಟಲಿ ನೀರು ತರುತ್ತಾಳೆ. "ಸರ, ರಸ್ತಾ ಆದ್ರ ನೀವೂ ಕಾರಿನ್ಯಾಗ ಬರಬಹುದಲ್ರೀ?" ಎಂದು ಅವಳು ಕೇಳಿದರೆ ಬಾಟಲಿಗೆ ಕೈ ಚಾಚುತ್ತಾರೆ. ಇಳಿಜಾರಿನ ಬಿಸಿಲಿಗೆ ಆ ನೀರು ಆಗಲೇ ಬೆಚ್ಚಗಾಗಿರುತ್ತದೆ. ಸಾಹೇಬರು ಒಂದು ಗುಟುಕು ಕುಡಿದು, ಕಣ್ಣು ಮುಚ್ಚಿ ಹೇಳುತ್ತಾರೆ: "ಇನ್ನೂ ಹಂಗ ಥಂಡಿ ಅದ ನೋಡವಾ."