ದಪ್ಪ ಬೈರಿಗೆ

ಹಗುರ ಸ್ಕೀ ಕಂಡರೆ ಸೆರಾಫಿನ್‌ಗೆ ಮೈಯೆಲ್ಲ ಉರಿಯುತ್ತಿತ್ತು. ಟಿರೋಲ್ ಎಂಬ ಹಿಮದ ಬೆಟ್ಟನಾಡಿನ ಒಂದು ಕಣಿವೆಯಲ್ಲಿ ನಲವತ್ತಾರು ವರ್ಷ ಅವನು ಮಾಡಿದ್ದು ಒಂದೇ ಕೆಲಸ: ಹಿಮದ ಮೇಲೆ ಜಾರಲು ಕಾಲಿಗೆ ಕಟ್ಟುವ ಸ್ಕೀ ಹಲಗೆಗೆ ತೂತು ಕೊರೆದು, ಬೂಟು ಹಿಡಿಯುವ ಕೊಂಡಿಯನ್ನು ತಿರುಪು ಹಾಕಿ ಬಿಗಿಯುವುದು. ಒಳಗೆ ಲೋಹದ ತಗಡಿರುವ ಭಾರದ ಸ್ಕೀಗಳ ಕಾಲದ ಮನುಷ್ಯ. ಬಾಯಿ ಒರಟು, ಕೈ ಮಾತ್ರ ಚಿನ್ನ. ಅವನು ಬಿಗಿದ ಒಂದು ಕೊಂಡಿಯೂ ಕಿತ್ತು ಬಂದಿರಲಿಲ್ಲ. ಆ ಜಂಬವೇ ಅವನ ಕಣ್ಣು ಕಟ್ಟಿತು, ಇನ್ನೇನು ಹೇಳಲಿ!

ಒಂದು ಫೆಬ್ರವರಿಯಲ್ಲಿ ಸೂಲಗಿತ್ತಿ ಬುರ್ಗಾ ಹೊಸ ಸ್ಕೀ ಹೊತ್ತು ಅವನ ಅಂಗಡಿಗೆ ಬಂದಳು. ಎದೆಯ ಕಾಯಿಲೆಯಿಂದ ಎರಡು ಚಳಿಗಾಲ ಸ್ಕೀ ಕಟ್ಟಿ ಬೆಟ್ಟ ಹತ್ತಲಾಗದೆ ಒದ್ದಾಡಿದ್ದವಳು. ಮೂರು ಜೊತೆ ತರಿಸಿ, ಬಾಗಿಸಿ ನೋಡಿ, ತೀರಾ ಹಗುರದ್ದು ಗಟ್ಟಿ ಹಿಮದ ಮೇಲೆ ಅದುರುತ್ತದೆಂದು ಬಿಟ್ಟು, ನಡುವಿನದನ್ನು ಆರಿಸಿದ್ದಳು.

"ಏನೇ ಇದು, ಸ್ಕೀನೋ, ಒಲೆಗೆ ಹಾಕೋ ಚಕ್ಕೆನೋ?"

"ನಿನ್ನ ಕಬ್ಬಿಣದ ಹಲಗೆ ಎಳೆಯೋಕೆ ನಂಗೇನು ಎತ್ತಿನ ಎದೆ ಇದ್ಯಾ, ಮುದುಕಾ? ಕೂಸು ತೂಗೋ ತಕ್ಕಡೀಲೇ ತೂಗಿದೀನಿ. ಒಂದೊಂದೂ ಸಾವಿರದಿನ್ನೂರು ಗ್ರಾಂ. ದಿನ ತುಂಬದ ಮಗು! ಅಂಥವನ್ನೇ ಉಳಿಸಿದೀನಿ, ಇದನ್ನ ನೋಡ್ಕೊಳ್ಳಲ್ವಾ? ಬಾಯಿ ಮುಚ್ಕೊಂಡು ಬಿಗಿದು ಕೊಡು."

ಬೈದುಕೊಳ್ಳುತ್ತಲೇ ಕೊರೆದ. ಎಡ ಸ್ಕೀಯ ತಿರುಪುಗಳು ಕೊನೆಯಲ್ಲಿ ಬಿಗಿಯಾಗದೆ ಸುಮ್ಮನೆ ಸುತ್ತಿದವು. "ಹಗುರದ್ದರ ಹಣೆಬರಹವೇ ಇಷ್ಟು" ಎಂದು ಗೊಣಗಿ, ಅಂಟು ಸುರಿದು, ಒರೆಸಿ ಕೊಟ್ಟ.

ಮೂರನೆಯ ದಿನ ಬುರ್ಗಾಳನ್ನು ಬೆಟ್ಟದಿಂದ ಹೆಣವಾಗಿ ಇಳಿಸಿದರು. ಇಳಿಜಾರಿನ ಗಟ್ಟಿ ಹಿಮವನ್ನು ಅಡ್ಡಹಾಯುವಾಗ ಎಡಗಾಲಿನ ಕೊಂಡಿ ಬುಡಸಮೇತ ಕಿತ್ತುಬಂದು, ಅವಳು ಕೆಳಗಿನ ಬಂಡೆಗಳಿಗೆ ಜಾರಿ ಬಿದ್ದಿದ್ದಳು. ಸ್ಕೀಯನ್ನು ಸೆರಾಫಿನ್‌ನ ಅಂಗಡಿಗೇ ತಂದಿಟ್ಟರು. ಅವನು ಖಾಲಿ ತೂತುಗಳನ್ನು ನೋಡಿದ. ಆಮೇಲೆ ಕೊರೆಯುವ ಯಂತ್ರವನ್ನು ನೋಡಿದ. ಅದರಲ್ಲಿ ಇನ್ನೂ ದಪ್ಪ ಬೈರಿಗೆಯೇ ಇತ್ತು. ತಗಡಿನ ಸ್ಕೀಗೆ ದಪ್ಪದ್ದು, ಬರೀ ಮರದ ಹಗುರ ಸ್ಕೀಗೆ ಸಣ್ಣದ್ದು. ವ್ಯತ್ಯಾಸ ಅರ್ಧ ಮಿಲಿಮೀಟರ್, ಆದರೆ ಅಷ್ಟಕ್ಕೇ ಮರದಲ್ಲಿ ತಿರುಪು ಹಿಡಿಯದು. ನಲವತ್ತಾರು ವರ್ಷದ ಅಭ್ಯಾಸಕ್ಕೆ ಕೈ ದಪ್ಪದ್ದನ್ನೇ ಎತ್ತಿಕೊಂಡಿತ್ತು. ಅದನ್ನು ಕಳಚಿ ಜೇಬಿಗೆ ಹಾಕಿಕೊಂಡ.

ಮಣ್ಣು ಮಾಡಿ ಬಂದವರೆಲ್ಲ ಅಲ್ಲಿನ ವಾಡಿಕೆಯಂತೆ ಛತ್ರದಂಥ ಊರ ಹೋಟೆಲಿನಲ್ಲಿ ದನದ ಮಾಂಸದ ಸಾರಿಗೆ ಕೂತರು. ಬುರ್ಗಾಳ ತಮ್ಮ ಕಾಸಿಯನ್ ಬಾಗಿಲಲ್ಲಿದ್ದ ಸೆರಾಫಿನ್‌ನನ್ನು ಕೈಹಿಡಿದು ಪಕ್ಕದಲ್ಲಿ ಕೂರಿಸಿಕೊಂಡ.

"ನೀನೊಬ್ಬನೇ ಕಣಯ್ಯಾ ಬೇಡ ಅಂದಿದ್ದು. ಹಗುರ ಅಂತೆ, ಹಗುರ! ನಿನ್ನ ಮಾತು ಕೇಳಿದ್ರೆ ಬದುಕಿರ್ತಿದ್ಲು, ಹಟಮಾರಿ."

ಎಲ್ಲರೂ ಹೌದೆಂದು ತಲೆಯಾಡಿಸಿದರು. ಯಾರೋ ಅವನ ಲೋಟಕ್ಕೆ ಸಾರಾಯಿ ಸುರಿದರು. ಸುಮ್ಮನೆ ಕುಡಿದು ಎದ್ದಿದ್ದರೆ ಮುಗಿಯುತ್ತಿತ್ತು. ಅವನ ಹೆಸರು ಹಾಗೇ ಉಳಿಯುತ್ತಿತ್ತು, ಸತ್ತವಳ ಹೆಸರಿಗೆ ಮಸಿ ಮೆತ್ತಿರುತ್ತಿತ್ತು. ಸೆರಾಫಿನ್ ಜೇಬಿನಿಂದ ಬೈರಿಗೆ ತೆಗೆದು ಸಾರಿನ ಬಟ್ಟಲಿನ ಪಕ್ಕ ಇಟ್ಟ.

"ಅವಳು ಸರಿಯಾಗೇ ಆರಿಸಿದ್ಲು. ಸ್ಕೀ ಚೆನ್ನಾಗಿತ್ತು. ನಾನು ಇದ್ರಲ್ಲಿ ಕೊರೆದೆ. ಇದು ಭಾರದ್ದಕ್ಕೆ ಹಾಕೋದು. ತೂತು ದೊಡ್ಡದಾಯ್ತು, ತಿರುಪು ಹಿಡೀಲಿಲ್ಲ."

ಕಾಸಿಯನ್ ಆ ಬೈರಿಗೆಯನ್ನು ಕೈಗೆತ್ತಿಕೊಂಡು ನೋಡಿದ.

"ತಿರುಪು ಹಿಡೀಲಿಲ್ಲ ಅಂತ ಆಗಲೇ ಗೊತ್ತಾಗಿತ್ತಾ?"

"ಗೊತ್ತಾಗಿತ್ತು."

ಕಾಸಿಯನ್ ತನ್ನ ಬಟ್ಟಲು ಎತ್ತಿಕೊಂಡು ಬೇರೆ ಮೇಜಿಗೆ ಹೋದ.